ಅಪ್ಪನ ಬಿಳಿ ರೇಜರ್

"ಬುದ್ಧೀ, ಮಗನನ್ನು ತಿದ್ದಲು ಇನ್ನೆಷ್ಟು ಉಜ್ಜಬೇಕು?" ಎಂದು ಮರುಳಪ್ಪ ಸ್ವಾಮಿಗಳನ್ನು ಕೇಳಿದ. ಅವನು ಬಟ್ಟೆ ಅಂಗಡಿಯವನು, ಮಠದ ಹಳೆಯ ಶಿಷ್ಯ. "ಹೊತ್ತೇರಿದ ಮೇಲೆ ಏಳುತ್ತಿದ್ದ. ಕೇಳಿದರೆ ಸುಳ್ಳು ಹೇಳುತ್ತಿದ್ದ. ಗಿರಾಕಿಗಳ ಎದುರಿಗೇ ಹಾಡಿಕೊಂಡು ಕೂರುತ್ತಿದ್ದ. ಎಲ್ಲ ಬಿಡಿಸಿದೆ. ಆದರೂ ಮುಖದಲ್ಲಿ ಕಳೆಯಿಲ್ಲ. ಇನ್ನೂ ಏನೋ ಕೊಳೆ ಉಳಿದಿದೆ."

ಸ್ವಾಮಿಗಳು ಹಿಗ್ಗಿ ತೊಡೆ ತಟ್ಟಿಕೊಂಡರು.

"ಉಜ್ಜುವುದೇ? ಆಹಾ, ಒಳ್ಳೆಯ ಮಾತು ತೆಗೆದೆ! ಹತ್ತಿರ ಬಾ. ಉಜ್ಜುವುದರಲ್ಲಿ ಊರಿಗೇ ಹೆಸರಾದವನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ಆಯಿತಾ?"

ಸ್ವಾಮಿಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬನಿದ್ದ. ಗುಡಿಯ ಹಿತ್ತಾಳೆ ದೀಪಗಳನ್ನು ತಿಕ್ಕಿ ಹೊಳೆಯಿಸುವುದು ಅವನ ಕೆಲಸ. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು, ಇಷ್ಟೇ ಸರಂಜಾಮು. ಕಪ್ಪು ಹಿಡಿದ ದೀಪ ಹಳದಿಗೆ ತಿರುಗಿತೋ, ಅವನ ಮುಖ ಅರಳುತ್ತಿತ್ತು. ಹಳದಿ ಕಂಡರೆ ಚೊಕ್ಕ, ಕಾಣದಿದ್ದರೆ ಇನ್ನೂ ತಿಕ್ಕು. ಅವನ ವಿದ್ಯೆಯೇ ಅಷ್ಟು.

ಅವನಿಗೊಬ್ಬ ತಮ್ಮ. ತಮ್ಮನಿಗೆ ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ದಿನ ತಮ್ಮ ಒಂದು ಆಸೆ ಹೇಳಿದ.

"ಅಣ್ಣಾ, ನಾಳೆ ನಾನು ಅಪ್ಪನ ರೇಜರಿನಲ್ಲೇ ಗಡ್ಡ ಹೆರೆದುಕೊಂಡು ಹಸೆಗೆ ಕೂರಬೇಕು."

ಅಪ್ಪ ತೀರಿಕೊಂಡಿದ್ದ. ಅವನದೆಂದು ಮನೆಯಲ್ಲಿ ಉಳಿದಿದ್ದು ಆ ಲೋಹದ ರೇಜರ್ ಒಂದೇ. ಅಪ್ಪ ಅಂಗಳದಲ್ಲಿ ಕೂತು ಗಡ್ಡ ಹೆರೆಯುವಾಗ ರೇಜರಿನ ತಲೆಯ ಮೇಲೆ ಬಿಸಿಲು ಬೀಳುತ್ತಿತ್ತು. ಗೋಡೆಯ ಮೇಲೆ ಬಿಳಿ ಚುಕ್ಕಿಯೊಂದು ಕುಣಿಯುತ್ತಿತ್ತು. ಚಿಕ್ಕಂದಿನಲ್ಲಿ ತಮ್ಮ ಅದನ್ನು ಹಿಡಿಯಲು ಓಡುತ್ತಿದ್ದ, ಅಪ್ಪ ಬೇಕೆಂದೇ ರೇಜರ್ ಆಡಿಸಿ ನಗುತ್ತಿದ್ದ. ಮದುವೆಯ ಬೆಳಿಗ್ಗೆ ಅವನಿಗೆ ಆ ಚುಕ್ಕಿ ಮತ್ತೆ ಕಾಣಬೇಕಿತ್ತು.

ಅಣ್ಣನ ಕಣ್ಣು ತುಂಬಿ ಬಂತು. "ಅಷ್ಟೇ ತಾನೆ? ಲಕಲಕ ಅನ್ನಿಸಿಬಿಡ್ತೀನಿ!" ಎಂದು ಬಚ್ಚಲಿಗೆ ಓಡಿದ. ಗೂಡಿನಲ್ಲಿ ರೇಜರ್ ಸಿಕ್ಕಿತು. ಬೋರ್‌ವೆಲ್ ನೀರಿನ ಸುಣ್ಣವೂ ಸೋಪಿನ ಜಿಡ್ಡೂ ಮೆತ್ತಿಕೊಂಡು ಬೂದು ಹೆಂಟೆಯಾಗಿತ್ತು. ತಲೆ ಬಿಚ್ಚಲು ಹೋದರೆ ಹಿಡಿ ತಿರುಗಲಿಲ್ಲ. ಅವನು ಇಕ್ಕಳ ತಂದ.

"ತಡಿ, ತಡಿ! ಒಳಗೆ ಬ್ಲೇಡ್ ಐತೆ. ಕೈ ಕುಯ್ಕೊಂಡೀಯ!" ಎಂದು ಅವ್ವ ರೇಜರನ್ನು ಕಸಿದುಕೊಂಡಳು. ಸೋಪು ಕದಡಿದ ಬೆಚ್ಚಗಿನ ನೀರಿನಲ್ಲಿ ಇಟ್ಟಳು. ಜಿಡ್ಡು ನೆನೆದು ಸಡಿಲವಾಯಿತು, ಹಿಡಿ ಸಲೀಸಾಗಿ ತಿರುಗಿ ತಲೆ ಬಿಚ್ಚಿಕೊಂಡಿತು. ಅಲಗು ಮುಟ್ಟದೆ, ಬ್ಲೇಡಿನ ಮೊಂಡು ತುದಿಗಳನ್ನು ಬಟ್ಟೆಯಲ್ಲಿ ಹಿಡಿದು ಹೊರತೆಗೆದಳು. ದಪ್ಪ ಕಾಗದದಲ್ಲಿ ಸುತ್ತಿ ದೂರ ಇಟ್ಟಳು. "ಇನ್ನು ನಿಧಾನಕ್ಕೆ ಮಾಡೋಣ" ಎಂದಳು.

ನಿಧಾನವಂತೆ! ಅಣ್ಣನಿಗೆ ಕೈ ತುರಿಸುತ್ತಿತ್ತು. "ಅವ್ವಾ, ಬೆಳಗೋದನ್ನ ನನಗೇ ಹೇಳಿಕೊಡ್ತೀಯಾ?" ಎಂದು ರೇಜರಿನ ತಲೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದ. ಹಿಡಿ ಮಾತ್ರ ಅವ್ವನ ಕೈಯಲ್ಲಿ ಉಳಿಯಿತು.

ತಿಕ್ಕಿದ ನೋಡು ಮರುಳಪ್ಪ, ಏನು ಹುಮ್ಮಸ್ಸು ಅಂತೀಯ! ಹುಣಸೆ ಹಚ್ಚಿದ, ಇಟ್ಟಿಗೆ ಪುಡಿ ಹಾಕಿದ, ನಾರು ಹಿಡಿದು ಜೋರಾಗಿ ಉಜ್ಜಿದ. ಬೂದು ಹೋಯಿತು. ಕೆಳಗೆ ಬಿಳಿ ಕಂಡಿತು. ಅಲ್ಲಿಗೆ ನಿಲ್ಲಿಸಬೇಕಿತ್ತು, ಅಲ್ಲವೇ? ಆದರೆ ಅವನ ಕಣ್ಣಿಗೆ ಆ ಬಿಳಿಯೂ ಕೊಳೆಯೇ. ಮತ್ತೆ ಹುಣಸೆ, ಮತ್ತೆ ಇಟ್ಟಿಗೆ ಪುಡಿ. ಹುಳಿ ತಿಂದಿತು, ಪುಡಿ ಕೆರೆಯಿತು. ಅಂಚಿನಲ್ಲಿ ಒಂದಿಷ್ಟು ಹಳದಿ ಮಿಂಚಿತು. "ಬಂತು! ಬಂತು!" ಎಂದು ಕುಣಿದಾಡಿಬಿಟ್ಟ. ಪೂರ್ತಿ ಹಳದಿಯಾಗುವವರೆಗೂ ಬಿಡಲಿಲ್ಲ.

ಇತ್ತ ಅವ್ವ ಬೆಚ್ಚಗಿನ ನೀರಿಗೆ ತುಸು ನಿಂಬೆರಸ ಹಿಂಡಿದಳು. ಹಿಡಿಯನ್ನು ಅದರಲ್ಲಿ ಅದ್ದಿ, ಬಹಳ ಹೊತ್ತು ಬಿಡದೆ ತೆಗೆದಳು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸಂದುಗಳನ್ನು ಮೆಲ್ಲಗೆ ತೀಡಿದಳು. ಸುಣ್ಣ ಬಿಡದ ಕಡೆ ಒತ್ತಲಿಲ್ಲ, ಇನ್ನೊಮ್ಮೆ ಅದ್ದಿದಳು. ಒಳ್ಳೆ ನೀರಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ತೇವ ಉಳಿಯದಂತೆ ಒರೆಸಿದಳು.

ಅಣ್ಣ ಏದುಸಿರು ಬಿಡುತ್ತಾ ಬಂದು ರೇಜರಿನ ತಲೆಯನ್ನು ತಮ್ಮನ ಅಂಗೈಯಲ್ಲಿ ಇಟ್ಟ. "ತಗೋ! ಬಂಗಾರ ಮಾಡಿ ತಂದಿದ್ದೀನಿ!"

ತಮ್ಮ ಅದನ್ನು ಬಿಸಿಲಿಗೆ ಹಿಡಿದ. ಗೋಡೆಯ ಮೇಲೆ ಮಾಸಲು ಹಳದಿ ಬಿತ್ತು. ಅವನು ಗೋಡೆ ನೋಡಿದ, ಕೈ ನೋಡಿದ.

"ಅಣ್ಣಾ, ಇದು ಯಾರದು?" ಎಂದು ಕೇಳಿದ.

ಅಷ್ಟರಲ್ಲಿ ಅವ್ವ ಹಿಡಿಯನ್ನು ತಂದು ಪಕ್ಕದಲ್ಲಿಟ್ಟಳು. ಅಪ್ಪನ ಕೈಯಲ್ಲಿ ಇದ್ದಾಗ ಇದ್ದಂತೆಯೇ ಬೆಳ್ಳಗೆ ಹೊಳೆಯುತ್ತಿತ್ತು. ಅಣ್ಣ ಎರಡನ್ನೂ ನೋಡಿದ. ರೇಜರಿನ ಹಿತ್ತಾಳೆಯ ಮೇಲೆ ನಿಕಲ್ ಎಂಬ ಬಿಳಿ ಲೋಹದ ತೆಳು ಲೇಪವಿತ್ತೆಂದು ಆಗ ತಿಳಿಯಿತು. ಕೊಳೆಯೆಂದು ತಿಕ್ಕಿ ಚರಂಡಿಗೆ ಬಿಟ್ಟದ್ದು ಅಪ್ಪನ ಆ ಬಿಳುಪನ್ನೇ. "ಅಯ್ಯೋ, ತಡಿ, ಮತ್ತೆ ಬಿಳಿ ಮಾಡ್ತೀನಿ" ಎಂದು ತಿರುಗಿ ನಾರಿಗೆ ಕೈ ಹಾಕಿದ. ಅವ್ವ ಅವನ ಕೈ ಹಿಡಿದುಕೊಂಡಳು. ಅವನು ಇಟ್ಟಿಗೆ ಪುಡಿಯ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಮರುದಿನ ತಮ್ಮ ಅದೇ ರೇಜರಿಗೆ ಹೊಸ ಬ್ಲೇಡ್ ಹಾಕಿ, ಅಂಗಳದಲ್ಲಿ ಕೂತು ಗಡ್ಡ ಹೆರೆದುಕೊಂಡ. ಗೋಡೆಯ ಕಡೆ ಮಾತ್ರ ತಿರುಗಲಿಲ್ಲ.

ಕತೆ ಮುಗಿಯಿತು. ಮರುಳಪ್ಪ ಲೊಚಗುಟ್ಟಿದ. "ಪಾಪ! ಎಂಥ ಮಂಕು ಮನುಷ್ಯ ಬುದ್ಧೀ. ಕೊಳೆ ಯಾವುದು, ಹೊಳಪು ಯಾವುದು ಅನ್ನೋದು ಕಾಣದೆ ಹೋಯಿತೇ?"

ಸ್ವಾಮಿಗಳು ಮುಂದಕ್ಕೆ ಬಾಗಿದರು.

"ನಿನ್ನ ಮಗ ಹಾಡಿ ಎಷ್ಟು ಕಾಲವಾಯಿತು, ಮರುಳಪ್ಪ?"