ಹೆಸರಿಗೆ ಒಬ್ಬನೇ ಒಡೆಯ

ಒಂದು ಹೆಸರು ಇಬ್ಬರಿಗಿದ್ದರೆ ರಾಜ್ಯ ಕೆಡುತ್ತದೆ ಎಂದು ಆಗ ನೆಲ್ಲಿದುರ್ಗದಲ್ಲಿ ಎಲ್ಲರೂ ನಂಬಿದ್ದರು. ಈ ನಂಬಿಕೆ ಹುಟ್ಟಿದ್ದು ದೊರೆ ಬೊಮ್ಮರಸರ ಹಣೆಯ ಮೇಲಿನ ಬುಗುಟೆಯಿಂದ.

ಬುಗುಟೆ ಲೆಂಕಣ್ಣನ ಕೊಡುಗೆ. ಅರಮನೆಯ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವನು ಅವನೇ. ರಾಜ್ಯದಲ್ಲಿ ಲೆಂಕಣ್ಣನಷ್ಟು ಬುದ್ಧಿವಂತ ಇನ್ನೊಬ್ಬನಿಲ್ಲ ಎಂಬುದು ಲೆಂಕಣ್ಣನ ಅಭಿಪ್ರಾಯ. ಬೇರೆ ಯಾರಾದರೂ ಹಾಗೆ ಹೇಳಿದ್ದು ಅವನಿಗೂ ನೆನಪಿಲ್ಲ.

‘ದೀಪ’ ಎಂಬ ಹೆಸರಿನಲ್ಲಿ ಅವನು ಒಂದು ಕೆಲಸ ಬರೆದಿಟ್ಟಿದ್ದ. ಹೆಸರು ಹಿಡಿದು ಕರೆದರೆ ಸಾಕು, ಅರಮನೆಯ ದೀಪಗಳೆಲ್ಲ ಬೆಳಗಬೇಕು. ಆಮೇಲೆ ಔತಣದ ಸಂಜೆಗೆಂದು ಇನ್ನೊಂದು ಪ್ರೋಗ್ರಾಂ ಬರೆಯುವಾಗ, ದೀಪಗಳು ಎಷ್ಟೆಂದು ಗುರುತು ಹಾಕಿಕೊಳ್ಳಲು ಅದರೊಳಗೊಂದು ತಾತ್ಕಾಲಿಕ ಹೆಸರು ಬೇಕಾಯಿತು. ಅದಕ್ಕೂ ‘ದೀಪ’ ಎಂದೇ ಇಟ್ಟ. ಬೇರೆ ಹೆಸರು ಯೋಚಿಸೋಣವೆಂದರೆ ಊಟದ ಹೊತ್ತಾಗಿತ್ತು.

ಔತಣದ ದಿನ ಕಂಪ್ಯೂಟರು ‘ದೀಪ’ವನ್ನು ಹುಡುಕಿತು. ಅದೇ ಪ್ರೋಗ್ರಾಂನೊಳಗೆ, ಹತ್ತಿರದಲ್ಲೇ ಸಿಕ್ಕಿದ್ದು ದೀಪಗಳ ಸಂಖ್ಯೆ. ಆಚೆಗಿದ್ದ, ದೀಪ ಬೆಳಗಿಸುವ ಕೆಲಸದ ತನಕ ಅದು ಹೋಗಲೇ ಇಲ್ಲ. ಒಂದು ದೀಪವೂ ಬೆಳಗಲಿಲ್ಲ. ಕತ್ತಲಲ್ಲಿ ಪರದೆಯ ಮೇಲೆ ‘ನಲವತ್ತು’ ಎಂದು ಮೂಡಿತು. ನೆರೆರಾಜ್ಯದ ಅತಿಥಿಯ ಕೈಹಿಡಿದು ಗತ್ತಿನಿಂದ ನಡೆದುಬರುತ್ತಿದ್ದ ದೊರೆ ಕಂಬಕ್ಕೆ ಡಿಕ್ಕಿ ಹೊಡೆದರು.

ಮರುದಿನ ದರ್ಬಾರು ಸೇರಿತು.

“ಏನಯ್ಯಾ ಲೆಂಕಣ್ಣ, ನಿನ್ನ ಯಂತ್ರಕ್ಕೆ ತಲೆ ಕೆಟ್ಟಿದೆಯೋ?”

“ಯಂತ್ರದ ತಪ್ಪಿಲ್ಲ, ಮಹಾಸ್ವಾಮಿ. ಈ ಸಭೆಯಲ್ಲಿ ಮಾಚಯ್ಯ ಎಂದು ಕರೆದರೆ ಸೇನಾಪತಿಗಳು ತಿರುಗುತ್ತಾರೆ. ಅಡುಗೆಮನೆಯ ಮಾಚಯ್ಯನನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಯಂತ್ರವೂ ಹಾಗೇ. ತಪ್ಪು ಹೆಸರಿಟ್ಟವನದು.”

“ಅಂದರೆ ನಿನ್ನದು.”

“ಇಷ್ಟು ಬೇಗ ಗೊತ್ತಾಗುತ್ತದೆ ಅಂದುಕೊಂಡಿರಲಿಲ್ಲ.”

ದೊರೆ ಬುಗುಟೆ ಸವರಿಕೊಂಡರು. “ಕೇಳಿ ಎಲ್ಲರೂ. ಯಂತ್ರದ ಒಳಗಾಗಲಿ ಹೊರಗಾಗಲಿ, ಇನ್ನು ಮುಂದೆ ಒಂದು ಹೆಸರಿಗೆ ಒಬ್ಬನೇ ಒಡೆಯ. ಮೊದಲು ಪಡೆದವನಿಗೆ ಹೆಸರು. ಆಮೇಲೆ ಬಂದವನು ಹೆಸರನ್ನೂ, ಅದರ ಜೊತೆ ಸಿಕ್ಕ ಪದವಿಯನ್ನೂ ಮೊದಲಿನವನಿಗೆ ಬಿಟ್ಟುಕೊಡಬೇಕು. ಲೆಂಕಣ್ಣ, ಇವತ್ತೇ ಜಾರಿ ಮಾಡು. ಆಗದಿದ್ದರೆ ಗಡಿ ದಾಟು.”

ಗಡಿಯಾಚೆ ಇದ್ದದ್ದು ಲೆಂಕಣ್ಣನ ಮಾವನ ಮನೆ. ಅವನ ಬುದ್ಧಿವಂತಿಕೆಯನ್ನು ಅವರು ಆಗಲೇ ನೋಡಿದ್ದರು.

“ಸತ್ತವರ ಹೆಸರು ಏನು ಮಾಡಲಿ, ಮಹಾಸ್ವಾಮಿ? ಖಾಲಿಯಾಯಿತು ಅಂದುಕೊಳ್ಳಲೇ?”

“ಮನುಷ್ಯ ಸಾಯುತ್ತಾನೆ. ಹೆಸರು ಸಾಯುತ್ತದೇನಯ್ಯಾ? ಅದು ಅವರದ್ದೇ.”

“ಸರಿ. ಅಡುಗೆಯ ಮಾಚಯ್ಯ ಸೇನಾಪತಿಗಳಿಗಿಂತ ಹಿರಿಯ. ಅವನನ್ನು ಕರೆಸಿ.”

ಸೌಟು ಹಿಡಿದೇ ಬಂದ ಮಾಚಯ್ಯನ ಕೈಗೆ ಸೇನಾಪತಿ ಹಲ್ಲು ಕಡಿಯುತ್ತಾ ಕತ್ತಿ ಕೊಟ್ಟ. ಮಾಚಯ್ಯ ಅದನ್ನು ತಿರುಗಿಸಿ ನೋಡಿದ.

“ಕುಂಬಳಕಾಯಿಗೆ ಆದೀತು,” ಅಂದ.

ದೊರೆ ಬುಗುಟೆ ನೋಯುವಷ್ಟು ನಕ್ಕರು. “ಭೇಷ್. ಮುಂದೆ ಯಾರು?”

“ಯಾರನ್ನೂ ಬಿಡುವ ಹಾಗಿಲ್ಲವೇ?”

“ಯಾರನ್ನೂ ಬಿಡಬೇಡ. ಕೊಟ್ಟ ಮಾತು ಕೊಟ್ಟ ಮಾತೇ.”

ಲೆಂಕಣ್ಣ ಸಿಂಹಾಸನದ ಮೇಲ್ಗಡೆ ಹಾರ ಹಾಕಿದ್ದ ಹಳೆಯ ದೊರೆಯೊಬ್ಬರ ಚಿತ್ರವನ್ನು ನೋಡಿದ. ಆಮೇಲೆ ಸಿಂಹಾಸನದಲ್ಲಿ ಕೂತವರನ್ನು ನೋಡಿದ.

“ಹಾಗಾದರೆ ಮಹಾಸ್ವಾಮಿಗಳು ಸ್ವಲ್ಪ ಕೆಳಗಿಳಿಯಬೇಕು.”

“ಯಾಕಯ್ಯಾ?”

“ತಮ್ಮ ಅಜ್ಜನವರ ಹೆಸರೂ ಬೊಮ್ಮರಸ.”