ಗುರುಗಳ ಗಿಡ

"ಗುರುಗಳೆ, ಇಡೀ ಶಾಲೆ ಕೂಡಿ ಮಾಡೋ ಕೆಲಸ ಒಬ್ಬಳೇ ಮಾಡಿದ್ರ ನಡೀತದೇನ್ರಿ?"

ಕೇಳಿದವಳು ದಾನೇಶ್ವರಿ. ಏಳನೆಯ ತರಗತಿಯವರೆಗೆ ನನ್ನ ಕೈಯಲ್ಲಿ ಕಲಿತವಳು. ಈಗ ಅವಳೇ ಶಿಕ್ಷಕಿ. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದೆವು. ಅವಳ ಬಸ್ಸಿಗೆ ಇನ್ನೂ ಹೊತ್ತಿತ್ತು.

ಅವಳ ಶಾಲೆಗೆ ಮೇಲಿನಿಂದ ಒಂದು ಸೂಚನೆ ಬಂದಿತ್ತಂತೆ. ಹವಾಮಾನ ಬದಲಾಗುತ್ತಿದೆ, ಬಿಸಿಲು ಏರುತ್ತಿದೆ, ಇದನ್ನು ಪಾಠದಲ್ಲಿ ಓದಿಸಿ ಬಿಟ್ಟರೆ ಸಾಲದು. ಅಡುಗೆಮನೆ, ಅಂಗಳ, ಚಾವಣಿ, ನೀರು, ಮಕ್ಕಳ ಮನೆಯವರು ಎಲ್ಲರನ್ನೂ ಸೇರಿಸಿಕೊಂಡು ಇಡೀ ಶಾಲೆಯೇ ಕೈ ಹಾಕಬೇಕು ಎಂದು. ಇಡೀ ಶಾಲೆ ಕೂತು ಯೋಚನೆ ಮಾಡಿ ದಾನೇಶ್ವರಿಯನ್ನು ನೋಡಲ್ ಶಿಕ್ಷಕಿ ಮಾಡಿತು. ನೋಡಲ್ ಎಂಬುದರ ಅರ್ಥವನ್ನು ನಾನು ಅವಳಿಗೆ ಬಿಡಿಸಿ ಹೇಳಿದೆ: ಮಾಡಲು ಒಬ್ಬರು, ನೋಡಲು ಉಳಿದವರು. ಅವಳು ನಗಲಿಲ್ಲ. ನೀರು ಹಾಕುವವಳೂ ತಾನೇ, ಕಸ ಬೇರೆ ಮಾಡುವವಳೂ ತಾನೇ ಎಂದಳು. ತಾನು ಸ್ಟಾಫ್ ರೂಮಿಗೆ ಹೋದರೆ ಎಲ್ಲರೂ ಎದ್ದು ಫ್ಯಾನ್ ಆರಿಸುತ್ತಾರೆ, ಹೊರಗೆ ಬಂದು ಮೂಲೆ ತಿರುಗುವಷ್ಟರಲ್ಲಿ ಮತ್ತೆ ತಿರುಗುವ ಸದ್ದು ಕೇಳುತ್ತದೆ ಎಂದಳು. ಬೇರೆ ಕಡೆಗೆ ವರ್ಗ ಕೇಳಿಬಿಡಲೇ ಎಂಬುದು ಅವಳ ಒಳಗಿನ ಪ್ರಶ್ನೆ. ಅದನ್ನು ಅವಳು ಕೇಳಲಿಲ್ಲ, ನಾನು ಕೇಳಿಸಿಕೊಂಡೆ.

ಸರಿಯಾದವನನ್ನೇ ಕೇಳಿದಿ ಎಂದೆ. ಈ ಕಲಬುರ್ಗಿ ಸೀಮೆಯ ಬಿಸಿಲನ್ನು ಒಂದೇ ಏಟಿಗೆ ಕೆಳಗಿಳಿಸಿದ ಮನುಷ್ಯ ನಾನೊಬ್ಬನೇ ಎಂದೆ. ಇದು ಶುದ್ಧ ಸುಳ್ಳು. ವಿಜ್ಞಾನದ ಕೋಣೆಯ ಉಷ್ಣಮಾಪಕ ನನ್ನ ಕೈಜಾರಿ ನೆಲಕ್ಕೆ ಬಿದ್ದಿತ್ತು, ಕೆಳಗಿಳಿದದ್ದು ಅಷ್ಟೇ. ಅದನ್ನೂ ಅವಳಿಗೆ ಹೇಳಿದೆ. ಆಮೇಲೆ ಹೇಳಿದ ಕತೆ ಮಾತ್ರ ನಿಜ. ನಿಜವಲ್ಲದಿದ್ದರೆ ನಿಜದ ಪಕ್ಕದ ಮನೆಯದು.

ಒಂದು ಊರಿನಲ್ಲಿ ಒಂದು ಶಾಲೆ ಇತ್ತು. ತಗಡಿನ ಚಾವಣಿ. ಹಿಂದೆಲ್ಲ ಯುಗಾದಿ ಕಳೆದ ಮೇಲೆ ಕಾಯುತ್ತಿದ್ದ ತಗಡು ಈಗ ಶಿವರಾತ್ರಿಗೇ ಕಾಯತೊಡಗಿತು. ಮಕ್ಕಳು ಬರೆಯುವಾಗ ಬೆವರು ಹಾಳೆಯ ಮೇಲೆ ಬಿದ್ದು ಅಕ್ಷರ ಹರಡುತ್ತಿತ್ತು. ಒಂದು ಮಧ್ಯಾಹ್ನ ಒಬ್ಬ ಹುಡುಗಿ ಬೋರ್ಡಿನ ಮುಂದೆ ಲೆಕ್ಕ ಮಾಡುತ್ತಲೇ ಕುಸಿದುಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿದರು. ಎಲ್ಲರಿಗೂ ಹೆದರಿಕೆಯಾಯಿತು.

ಮುಖ್ಯಗುರುಗಳು ಸಭೆ ಕರೆದರು. ಇಡೀ ಶಾಲೆ ಏನಾದರೂ ಮಾಡಬೇಕು ಎಂದರು. ಹೌದು ಹೌದು ಎಂದರು ಎಲ್ಲರೂ. ಹಾಗೆಂದು ಎಲ್ಲರೂ ತಮ್ಮ ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡರು. ಒಬ್ಬ ಮೇಷ್ಟ್ರಿಗೆ ಸಭೆಗಳ ಅಭ್ಯಾಸ ಇರಲಿಲ್ಲ. ಅವನು ತಲೆ ಎತ್ತಿದ್ದ. ಕೆಲಸ ಅವನಿಗೆ ಬಿತ್ತು.

ಅವನು ಪರ ಊರಿನವನು. ಬಾಡಿಗೆಯ ಒಂದು ಕೋಣೆ, ಒಂದು ಸ್ಟೌ, ಒಂದು ರೇಡಿಯೋ. ಸಂಜೆ ಶಾಲೆ ಬಿಟ್ಟಿತೆಂದರೆ ಮರುದಿನದ ಗಂಟೆಯವರೆಗೆ ಅವನನ್ನು ಮಾತಾಡಿಸುವವರು ಇರಲಿಲ್ಲ. ಊರಿನವರು ಕೆಟ್ಟವರಲ್ಲ. ಅವನ ಜೊತೆ ಮಾತಾಡಲು ಅವರಿಗೆ ವಿಷಯ ಇರಲಿಲ್ಲ, ಅಷ್ಟೇ.

ಅವನು ಗೋಡೆಯುದ್ದಕ್ಕೂ ಗುಂಡಿ ತೋಡಿ ಬೇವು, ಹೊಂಗೆ ನೆಟ್ಟ. ಜಾಲಿಯ ಮುಳ್ಳು ಕಡಿದು ತಂದು ಬೇಲಿ ಕಟ್ಟಿದ. ಏಣಿ ಹತ್ತಿ ತಗಡಿಗೆ ಸುಣ್ಣ ಬಳಿದ. ಬೋರಿನಿಂದ ಕೊಡ ಹೊತ್ತ. ಗಿಡ ಎದ್ದರೆ ಗೋಡೆಗೆ ನೆರಳು, ಗೋಡೆ ತಣ್ಣಗಿದ್ದರೆ ಯಾವ ಹುಡುಗಿಯೂ ಬೀಳುವುದಿಲ್ಲ ಎಂಬುದು ಅವನ ಲೆಕ್ಕ. ಸರಿಯಾದ ಲೆಕ್ಕವೇ.

ಊರು ಮೆಚ್ಚಿತು. ನಮ್ಮ ಕಡೆ ಮೇಷ್ಟ್ರಿಗೆ ಗುರುಗಳು ಎನ್ನುತ್ತಾರಲ್ಲ, ಹಾಗೆ ಆ ಗಿಡಗಳಿಗೂ ಗುರುಗಳ ಗಿಡ ಎಂದು ಹೆಸರಾಯಿತು. ಒಂದು ದಿನ ಒಂದು ಆಡು ಬೇಲಿಯೊಳಗೆ ಬಾಯಿ ಹಾಕಿತು. ಬಿಸಿಯೂಟದ ಅಡುಗೆಯವಳು ಅಲ್ಲೇ ಇದ್ದಳು. ಅವಳು ಆಡನ್ನು ಅಟ್ಟಲಿಲ್ಲ. ಅಂಗಳ ದಾಟಿ ಅವನ ತರಗತಿಯ ಬಾಗಿಲಿಗೆ ಓಡಿ ಬಂದಳು.

"ಗುರುಗಳೆ, ನಿಮ್ಮ ಗಿಡ ಆಡು ತಿನ್ಲಿಕ್ಕತ್ತದರಿ."

ಅವನು ಸೀಮೆಸುಣ್ಣ ಹಿಡಿದೇ ಓಡಿದ. ಮರಳಿ ಬಂದಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳೇ ಅಟ್ಟಬಹುದಿತ್ತಲ್ಲ ಎಂದು ಅವನಿಗೆ ಹೊಳೆಯಲೂ ಇಲ್ಲ. ಆ ಊರಿನಲ್ಲಿ ಒಂದು ವಸ್ತುವನ್ನು ತೋರಿಸಿ ಇದು ನಿಮ್ಮದು ಎಂದು ಅವನಿಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಸಂಜೆ ಸ್ಟೌ ಹಚ್ಚುವಾಗ ಆ ಮಾತನ್ನು ತನಗೆ ತಾನೇ ಒಮ್ಮೆ ಹೇಳಿಕೊಂಡ. ನಿಮ್ಮ ಗಿಡ. ರೇಡಿಯೋ ಹಚ್ಚುವುದನ್ನು ಮರೆತ.

ಆಮೇಲೆ ದಿನವೂ ಯಾರಾದರೂ ಓಡಿ ಬರುವವರೇ. ನಿಮ್ಮ ಗಿಡಕ್ಕೆ ಇರುವೆ ಹತ್ತಿದೆ. ನಿಮ್ಮ ಗಿಡ ವಾಲಿದೆ. ಅವನು ದಿನವೂ ಓಡಿದ. ಅಡುಗೆಯವಳು ಒಮ್ಮೆ ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಸುರಿಯಲೇ ಎಂದು ಕೇಳಿದಳು. ಬೇಡವ್ವ, ನಾನೇ ನೋಡಿಕೊಳ್ಳುತ್ತೇನೆ ಎಂದ. ಮಕ್ಕಳು ಕೊಡ ಹಿಡಿದು ಬಂದರು. ಅವರಿಗೂ ಅದನ್ನೇ ಹೇಳಿದ. ಅವನು ಹೇಳಿದ್ದು ಪ್ರೀತಿಯಿಂದ. ಅವರು ಕೇಳಿದ್ದೂ ಪ್ರೀತಿಯಿಂದ. ಮತ್ತೆ ಯಾರೂ ಕೈ ಹಚ್ಚಲಿಲ್ಲ.

ಮರುವರ್ಷ ಶಿವರಾತ್ರಿ ಮುಗಿಯುತ್ತಲೇ ಅವನನ್ನು ಗಣತಿಯ ಕೆಲಸಕ್ಕೆ ದೂರದ ತಾಲ್ಲೂಕಿಗೆ ಹಾಕಿದರು. ಹೊರಡುವಾಗ ಗಿಡದ ಮಾತೆತ್ತಿದ. ಮುಖ್ಯಗುರುಗಳು ಎದೆ ಮುಟ್ಟಿಕೊಂಡು ಮಾತು ಕೊಟ್ಟರು. ನೀವು ಬರುವವರೆಗೆ ನಿಮ್ಮ ಗಿಡವನ್ನು ಯಾರಿಗೂ ಮುಟ್ಟಗೊಡುವುದಿಲ್ಲ ಎಂದರು.

ಕೊಟ್ಟ ಮಾತನ್ನು ಅಕ್ಷರಶಃ ನಡೆಸಿದರು.

ಯುಗಾದಿಯ ಹೊತ್ತಿಗೆ ಅವನು ಮರಳಿದ. ಬೇಲಿ ಗಟ್ಟಿಯಾಗಿತ್ತು. ಸುತ್ತಲಿನ ನೆಲ ಗುಡಿಸಿ ಸ್ವಚ್ಛವಾಗಿತ್ತು. ಬೇಲಿಯ ಒಳಗೆ ಸಾಲಾಗಿ ಕಡ್ಡಿಗಳು ನಿಂತಿದ್ದವು. ಎಲ್ಲರೂ ಅವನನ್ನು ಸುತ್ತುವರಿದರು. ಎಲ್ಲರಿಗೂ ನಿಜವಾಗಿಯೂ ದುಃಖವಾಗಿತ್ತು. ಪ್ರಾರ್ಥನೆಯ ನಂತರ ಗಿಡಗಳಿಗಾಗಿ ಎರಡು ನಿಮಿಷ ಮೌನ ಆಚರಿಸಿದೆವು ಎಂದರು ಮುಖ್ಯಗುರುಗಳು. ಇಡೀ ಶಾಲೆ ಕೂಡಿ ಮಾಡಿದ ಮೊದಲ ಕೆಲಸ ಅದು.

ಮೌನದ ಸಂಗತಿ ನಾನು ಸೇರಿಸಿದ್ದು ಎಂದು ದಾನೇಶ್ವರಿಗೆ ಅನುಮಾನ ಬಂತು. ಬರಲಿ ಎಂದು ಮುಂದುವರಿದೆ.

ಅಡುಗೆಯವಳು ದಿನವೂ ಅಕ್ಕಿ ತೊಳೆದ ನೀರನ್ನು ಬೇಲಿಯವರೆಗೆ ಹೊತ್ತು ತಂದಿದ್ದಳಂತೆ. ಅಲ್ಲಿ ನಿಂತು, ಅವರ ಗಿಡಕ್ಕೆ ಅವರನ್ನು ಕೇಳದೆ ಹೇಗೆ ಹಾಕುವುದು ಎಂದು ಯೋಚಿಸಿ, ಹಿಂದೆ ಹೋಗಿ ಮಕ್ಕಳು ಊಟದ ತಾಟು ತೊಳೆಯುವ ಕಲ್ಲಿನ ಹತ್ತಿರ ಸುರಿದಿದ್ದಳು. ಅಲ್ಲಿ ಒಂದು ಬೇವು ಇತ್ತು. ಯಾರೂ ನೆಟ್ಟದ್ದಲ್ಲ. ಯಾವುದೋ ಕಾಗೆ ಉಗಿದ ಬೀಜ. ಎಲ್ಲರೂ ಅದರ ಬುಡಕ್ಕೇ ತಾಟು ತೊಳೆದು, ಬಾಯಿ ಮುಕ್ಕಳಿಸಿ, ಅದನ್ನು ನೋಡದೆ ಹೋಗುತ್ತಿದ್ದರು. ಅದು ಮಕ್ಕಳ ಭುಜದೆತ್ತರ ಬಂದು ತಳತಳ ಅನ್ನುತ್ತಿತ್ತು.

ಮುಖ್ಯಗುರುಗಳಿಗೆ ಅದು ಅಂದೇ ಕಣ್ಣಿಗೆ ಬಿತ್ತು. ಅವರಿಗೆ ಸಂತೋಷವಾಯಿತು. ಇದೊಂದು ಉಳಿದಿದೆ ಗುರುಗಳೆ, ಆ ಬೇಲಿ ಕಿತ್ತು ಇದಕ್ಕೆ ಕಟ್ಟೋಣ, ನಿಮ್ಮ ಹೆಸರಿನ ಫಲಕ ಹಾಕೋಣ, ಇದೂ ನಿಮ್ಮದೇ ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲರೂ ಅವನ ಮುಖ ನೋಡಿದರು. ಅಷ್ಟು ಜನ ಒಟ್ಟಿಗೆ ಅವನ ಮುಖ ನೋಡಿದ್ದು ಹಿಂದೆಂದೂ ಇಲ್ಲ. ಅವನಿಗೆ ಆಸೆಯಾಯಿತು. ಹೂಂ ಎಂದರೆ ಸಾಕಿತ್ತು.

"ಅದು ನಂದಲ್ರಿ," ಎಂದ.

"ಮತ್ತ ಯಾರದ್ರಿ?" ಎಂದು ಅಡುಗೆಯವಳು ಕೇಳಿದಳು.

ಅವನು ತನ್ನ ತಾಟು ತಂದು ಎಲ್ಲರ ಹಾಗೆ ಅದರ ಬುಡದಲ್ಲಿ ತೊಳೆದು ತರಗತಿಗೆ ಹೋದ.

ಸ್ವಲ್ಪ ದಿನಕ್ಕೆ ಆಡು ಬಂತು. ಅಡುಗೆಯವಳು ಅಡುಗೆಮನೆಯ ಬಾಗಿಲಿಗೆ ಬಂದಳು. ಆಡು ಕಂಡಿತು, ಗಿಡ ಕಂಡಿತು. ಯಾರನ್ನು ಕರೆಯಬೇಕು ಎಂಬುದು ಮಾತ್ರ ಕಾಣಲಿಲ್ಲ. ನಿಮ್ಮ ಗಿಡ ಎನ್ನಲು ಎದುರಿಗೆ ಯಾರಾದರೂ ಬೇಕಲ್ಲ? ಅವಳು ಅತ್ತ ನೋಡಿದಳು, ಇತ್ತ ನೋಡಿದಳು. ಆಡು ಎಲೆಗೆ ಬಾಯಿ ಚಾಚಿತು. ಅವಳು ಸೌಟು ಹಿಡಿದು ಓಡಿದಳು. ಅವತ್ತು ಸಾರು ಸೀದಿತು. ಮುಖ್ಯಗುರುಗಳು ಬೈಯಲು ಬಂದವರು ಕಾರಣ ಕೇಳಿ, ಸೀದ ಸಾರನ್ನೇ ಸುರಿದುಕೊಂಡು ಉಂಡರು.

ಮಳೆಗಾಲದಲ್ಲಿ ಅವನು ಸಸಿಗಳನ್ನು ತಂದು ಅಂಗಳದ ನಡುವೆ ಇಟ್ಟ. ನೆಡಲಿಲ್ಲ. ಯಾರದೆಂದು ಕೇಳಿದವರಿಗೆ ಗೊತ್ತಿಲ್ಲ ಎಂದ. ಮಕ್ಕಳು ನೆಟ್ಟರು. ಸೊಟ್ಟ ನೆಟ್ಟರು, ಒತ್ತೊತ್ತಾಗಿ ನೆಟ್ಟರು, ಒಂದನ್ನು ಕಬಡ್ಡಿಯ ಅಂಕಣದ ನಡುವೆ ನೆಟ್ಟು ಅಂಕಣವನ್ನೇ ಸರಿಸಿದರು. ಅವನು ನಾಲಿಗೆ ಕಚ್ಚಿಕೊಂಡ. ಗಣಿತದ ಮೇಷ್ಟ್ರು ನೆರಳು ಅಳೆಯುವ ಲೆಕ್ಕ ಕೊಟ್ಟರು. ಮುಂದಿನ ಬೇಸಿಗೆಗೆ ಮಕ್ಕಳ ಅಪ್ಪಂದಿರು ಏಣಿ ತಂದು ತಗಡಿಗೆ ಸುಣ್ಣ ಬಳಿದರು. ಅವನು ಬಳಿದದ್ದಕ್ಕಿಂತ ಚೆನ್ನಾಗಿ ಬಳಿದರು. ಮುಖ್ಯಗುರುಗಳು ಶಾಲೆಯ ಗಂಟೆಯನ್ನು ಬೆಳಗಿನ ತಂಪಿಗೆ ತಂದರು. ತರಗತಿಯಲ್ಲಿ ಮತ್ತೆ ಯಾರೂ ಕುಸಿಯಲಿಲ್ಲ. ಕುಸಿದರೂ ಅದು ಬಿಸಿಲಿಗಲ್ಲ, ಭಾಗಾಕಾರಕ್ಕೆ.

ಇಲ್ಲಿಗೆ ನಾನು ನಿಲ್ಲಿಸಿದೆ. ದಾನೇಶ್ವರಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ರಸ್ತೆ ನೋಡುತ್ತಿದ್ದಳು.

"ಮತ್ತ ಆ ಗುರುಗಳು?" ಎಂದಳು.

"ಅವನ ಬಾಗಿಲಿಗೆ ಮತ್ತ ಯಾರೂ ಓಡಿ ಬರಲಿಲ್ಲ, ದಾನವ್ವ, ಗಿಡ ಉಳದದ್ದು ಅದರಿಂದಲೇ."

ಬಸ್ಸು ಬಂದು ನಿಂತಿತು. ಅವಳು ಏಳಲಿಲ್ಲ. ಬಂದ ಬಸ್ಸನ್ನೂ ಮರೆತು ಕೂರುವ ಕೇಳುಗರು ನನಗೆ ದಿನಾ ಸಿಗುವುದಿಲ್ಲ. ಎರಡೂ ಜೇಬು ತಡವಿಕೊಂಡು ನೋಡಿ, ನನ್ನ ಚಹಾದ್ದೂ ನೀನೇ ಕೊಟ್ಟುಬಿಡವ್ವ ಎಂದೆ.