ತಿಳಿದದ್ದು, ತಿಳಿಯದಿದ್ದದ್ದು

ಪಾಠ ಮುಗಿದ ಮೇಲೆ ಶಾಂಭವಿ ಟೀಚರ್ ಪುಸ್ತಕ ಮುಚ್ಚಿ, "ಇವತ್ತು ಏನು ತಿಳೀತು, ಏನು ತಿಳೀಲಿಲ್ಲ?" ಎಂದು ಮಕ್ಕಳನ್ನು ಕೇಳುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರು ಅದನ್ನು ಕಂಡು ಗದರಿದರು.

"ಇದೇನ್ರೀ ಹರಟೆ? ಪಾಠ ಮಾಡಿ!"

ಹಾಗೆಂದವರು ಶಿಸ್ತಿನ ಬಗ್ಗೆ ತಾವೇ ಮಕ್ಕಳಿಗೆ ಉದ್ದನೆಯ ಭಾಷಣ ಬಿಗಿದರು. ಕೊನೆಯವರೆಗೂ ಕೇಳಿದ ಟೀಚರ್ ಕೈಮುಗಿದರು.

"ಇಷ್ಟು ಚೆನ್ನಾಗಿ ಹೇಳಿದ್ದೀರಿ ಸಾರ್. ಮಕ್ಕಳಿಗೆ ಎಷ್ಟು ಮುಟ್ಟಿತು, ಕೇಳಿಬಿಡೋಣವೇ?"

"ಕೇಳಿ, ಕೇಳಿ," ಎಂದು ಸಾಹೇಬರು ಉಬ್ಬಿದರು.

ಟೀಚರ್ ಮಕ್ಕಳತ್ತ ತಿರುಗಿ ಮತ್ತೆ ಅದೇ ಪ್ರಶ್ನೆ ಕೇಳಿದರು. ಪುಟ್ಟ ರುಕ್ಸಾನಾ ಎದ್ದು ನಿಂತಳು.

"ಶಿಸ್ತು ಅಂದ್ರೆ ಏನೂಂತ ತಿಳೀಲಿಲ್ಲ ಸಾರ್. ನಿಮ್ಮ ಗಂಟಲು ಒಣಗಿದೆ ಅಂತ ತಿಳೀತು," ಎಂದು ತನ್ನ ನೀರಿನ ಬಾಟಲಿ ಚಾಚಿದಳು.

ಸಾಹೇಬರು ನೀರು ಕುಡಿದರು. ಮುಖದ ಬಿಗಿ ಮೆಲ್ಲಗೆ ಸಡಿಲಿತು. ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, "ಎಲ್ಲಿಂದ ತಿಳೀಲಿಲ್ಲ ಹೇಳು ಮಗಳೇ, ಅಲ್ಲಿಂದಲೇ ಶುರು ಮಾಡೋಣ," ಎಂದರು.